ಕೋವಿ ತೊಳೆದ ನೀರು

ಇವತ್ತು ಬೆಳಗಿನಿಂದ ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿದೆ. ಡಿಶ್‌ವಾಷರಿನ ಪಾತ್ರೆ ತೆಗೆದು ಜೋಡಿಸಿದೆ. ಎಂದಿನಂತೆ ಒಂದು ಡಬ್ಬಿಯ ಮುಚ್ಚಳ ಸಿಗಲಿಲ್ಲ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ಕಸದ ಡಬ್ಬವನ್ನು ರಸ್ತೆಯಂಚಿಗೆ ಎಳೆದಿಟ್ಟೆ. ಚಳಿ ಹೋಯಿತೆಂದು ಕರಿಬೇವಿನ ಕುಂಡ ಹೊರಗಿಟ್ಟೆ. ಫೋನು ನೋಡಿ, ರಾತ್ರಿ ಇನ್ನೊಂದು ಚಳಿ ಬಾಕಿಯಿದೆ ಎಂದು ತಿಳಿದು ಮತ್ತೆ ಒಳಗಿಟ್ಟೆ. ಆಮೇಲೆ ಮೇಲಿನ ಕ್ಲಾಸೆಟ್ಟಿನಿಂದ ಹಾಸಿಗೆ ಬಟ್ಟೆಗಳನ್ನೆಲ್ಲ ಇಳಿಸಿ ಮಡಿಸತೊಡಗಿದೆ. ತಳದಲ್ಲಿ ಪಟ್ಟೆಪಟ್ಟೆಯ ಹಳೆಯ ದಿಂಬಿನ ಚೀಲ ಸಿಕ್ಕಿತು. ಅದರ ತುಂಬ ರೂಪಾಯಿ ನಾಣ್ಯದಗಲದ ತೂತುಗಳು.

ಇಲಿಯ ಕೆಲಸವಲ್ಲ. ಇಲಿ ಇಷ್ಟು ದುಂಡಗೆ ಕಚ್ಚುವುದಿಲ್ಲ. ಕತ್ತರಿಸಿದ್ದು ನನ್ನ ಗಂಡ ನಜೀರ್.

ಆ ದಿಂಬಿಗೊಂದು ಚರಿತ್ರೆಯಿದೆ. ನನ್ನ ಮದುವೆಗೆಂದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೊಲಿಸಿದ್ದು. ಒಳಗೆ ಬೂರುಗದ ಹತ್ತಿ, ಹೊರಗೆ ಹಾಸಿಗೆಯವರು ಬಳಸುವ ಬಿಗಿ ನೇಯ್ಗೆಯ ನೀಲಿ ಪಟ್ಟೆಯ ಬಟ್ಟೆ. ಅಮೆರಿಕಕ್ಕೆ ಬರುವಾಗ ಇದೊಂದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಅಟ್ಲಾಂಟಾದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅದನ್ನು ಹಿಸುಕಿ, ಮೂಸಿ, ಕೊನೆಗೆ ನನ್ನ ಮುಖ ನೋಡಿ ಪಾಪವೆನ್ನಿಸಿ ಬಿಟ್ಟುಕೊಟ್ಟ. ಹತ್ತಿ ಗಂಟುಗಟ್ಟಿದ ಮೇಲೆ ಚೀಲವನ್ನು ಬಿಡಿಸಿ, ತೊಳೆದು, ಎತ್ತಿಟ್ಟಿದ್ದೆ. ಯಾಕೆ ಎತ್ತಿಟ್ಟೆ ಎಂದು ಕೇಳಬೇಡಿ. ನಾನು ಎತ್ತಿಡುವ ಜಾತಿಯವಳು.

ಅದು ಕೋವಿಗೆ ಆಹಾರವಾಗುತ್ತದೆಂದು ಮಾತ್ರ ಎಣಿಸಿರಲಿಲ್ಲ.

ಕೋವಿಯ ಮಾತು ಬರಬೇಕಾದರೆ ಮೊದಲು ಅಮ್ಮಿಯ ಮೂಗಿನ ಮಾತು ಬರಬೇಕು. ಅಮ್ಮಿ ಎಂದರೆ ನನ್ನ ಅತ್ತೆ. ಅಟ್ಲಾಂಟಾದ ಹೊರವಲಯದ ಸುವಾನಿಯ ನಮ್ಮ ಮನೆಯಲ್ಲಿ ಕೆಳಗಿನ ಕೋಣೆ ಅವರದು. ಮೊದಲೆಲ್ಲ ಆ ಕೋಣೆಯಲ್ಲಿ ಕುಳಿತೇ, ಅಡುಗೆಮನೆಯಲ್ಲಿ ನಾನು ಶುಂಠಿ ಹಾಕುವ ಮೊದಲು ಬೆಳ್ಳುಳ್ಳಿ ಹಾಕಿದೆನೆಂದು ಕಂಡುಹಿಡಿಯುತ್ತಿದ್ದರು. ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಡ್ರೈಯರಿಗೆ ಹಾಕುವ ಸುಗಂಧದ ಹಾಳೆ ಬದಲಾಯಿಸಿದರೂ ಗೊತ್ತಾಗುತ್ತಿತ್ತು. ಅಂಥವರಿಗೆ ಕೋವಿಡ್ ಬಂತು. ಆಸ್ಪತ್ರೆಗೆ ಹೋಗದೆ ಉಳಿದದ್ದು ಅಲ್ಲಾಹನ ಕೃಪೆ. ಆದರೆ ಹೋಗುವಾಗ ಆ ಕಾಯಿಲೆ ಮೂಗನ್ನು ಜೊತೆಗೇ ಕೊಂಡೊಯ್ದಿತು. ಬಿರಿಯಾನಿ ರಟ್ಟು, ಮೊಸರನ್ನ ಒದ್ದೆ ರಟ್ಟು, ಮಾವಿನಹಣ್ಣು ಸಿಹಿ ರಟ್ಟು. ಡಾಕ್ಟರು, “ಕಾಯಬೇಕು,” ಎಂದರು. ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ ಹೀಗೆ ನಾಲ್ಕು ಸೀಸೆಗಳನ್ನು ದಿನವೂ ಮೂಸಿಸಲು ಹೇಳಿದರು. ದಿನವೂ ಮೂಸಿಸಿದೆ. ಅಮ್ಮಿ ಶಾಲೆಯ ಮಗುವಿನಂತೆ ಒಂದೊಂದನ್ನೇ ಮೂಗಿಗೆ ಹಿಡಿದು, “ಏನಿಲ್ಲ,” “ಏನಿಲ್ಲ,” ಎಂದು ವಾಪಸು ಕೊಡುತ್ತಿದ್ದರು. ಒಂದೂವರೆ ವರ್ಷ ಹೀಗೇ ಕಳೆಯಿತು. ಒಂದು ದಿನ ಅವರ ಮುಂದೆಯೇ ಸಾರು ತಳಹತ್ತಿ ಮನೆಯೆಲ್ಲ ಹೊಗೆಯಾದರೂ ಅವರು ತಸ್ಬಿಯ ಮಣಿ ಎಣಿಸುತ್ತ ಕುಳಿತೇ ಇದ್ದರು. ಮಣಿಕಟ್ಟಿನಲ್ಲಿ ನಿಲ್ಲುತ್ತಿದ್ದ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಒಂದು ದಿನ ಊಟದ ತಟ್ಟೆ ದೂಡಿ, “ಜಿಂಕೆ ಮಾಂಸ ಆಗಿದ್ರೆ ಗೊತ್ತಾಗ್ತಿತ್ತೋ ಏನೋ,” ಎಂದರು. “ಅದರ ಘಮ ಸತ್ತೋರ ಮೂಗಿಗೂ ಹತ್ತುತ್ತೆ.”

ಅಷ್ಟೇ ಸಾಕಾಯಿತು ನಜೀರನಿಗೆ.

ಅಮ್ಮಿ ಮದುವೆಯಾಗಿ ಹುಣಸೂರಿನ ಕಡೆ ಬಂದಾಗ ಬೇಟೆಗೆ ಇಂದಿನ ಕಾನೂನು ಬಂದಿರಲಿಲ್ಲ. ಮಾವನವರ ಹತ್ತಿರ ಒಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜ ಎನ್ನುವ ಉದ್ದನೆಯ ಕಡ್ಡಿಯಿಂದ ಜಡಿದು, ಹಿಂದೆ ಒಂದು ಚಿಕ್ಕ ಕೇಪು ಸಿಕ್ಕಿಸಿ ಹೊಡೆಯುವಂಥದು. ಒಂದು ಹೊಡೆತ, ಅಷ್ಟೇ. ಮತ್ತೆ ತುಂಬುವಷ್ಟರಲ್ಲಿ ಜಿಂಕೆ ಎಚ್.ಡಿ. ಕೋಟೆ ದಾಟಿರುತ್ತಿತ್ತು. ಕಾನೂನು ಬಂದಮೇಲೆ ಆ ಕೋವಿ ಹೊಲದಲ್ಲಿ ಹಂದಿ ಹೆದರಿಸಲು ಮಾತ್ರ ಉಳಿಯಿತು. ಪ್ರತಿ ಚುನಾವಣೆಗೂ ಅದನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ಬರಬೇಕು. ನಜೀರ್ ಚಿಕ್ಕವನಿದ್ದಾಗ ಅಪ್ಪನ ಸೈಕಲ್ಲಿನ ಹಿಂದೆ ಕೋವಿಯ ಜೊತೆ ಕುಳಿತು ಠಾಣೆಗೆ ಹೋಗುವುದೇ ಅವನ ಪಾಲಿಗೆ ಚುನಾವಣೆ.

ಇಲ್ಲಿ ಜಾರ್ಜಿಯಾದಲ್ಲಿ ಜಿಂಕೆಗೇನು ಬರವಿಲ್ಲ. ನನ್ನ ಗುಲಾಬಿ ಮೊಗ್ಗುಗಳನ್ನು ವರ್ಷವೂ ಅವೇ ತಿನ್ನುವುದು. ಅಕ್ಟೋಬರಿನಲ್ಲಿ, ಉಳಿದ ಬಂದೂಕುಗಳ ಬೇಟೆ ಶುರುವಾಗುವ ಮುಂಚೆ, ಬಾಯಿಯಿಂದ ತುಂಬುವ ಕೋವಿಗಳಿಗೆಂದೇ ಒಂದಿಷ್ಟು ದಿನ ಬಿಡುತ್ತಾರೆ. ನಜೀರ್ ಬೇಟೆಗಾರರ ಆನ್‌ಲೈನ್ ಪಾಠ ಮುಗಿಸಿ, ಪರವಾನಗಿ ಪಡೆದು, ಕಿತ್ತಳೆ ಬಣ್ಣದ ಕೋಟು ತಂದ. ಆಗ ಎದ್ದಿತು ಪ್ರಶ್ನೆ: ಕೋವಿ ಹೊಸದೋ ಹಳೆಯದೋ?

ಹೊಸ ಕಾಲದ್ದೂ ಬಾಯಿಯಿಂದಲೇ ತುಂಬುವುದು. ಆದರೆ ನೋಡಿದರೆ ಕ್ಯಾಮೆರಾ ಸ್ಟ್ಯಾಂಡಿನ ಅಣ್ಣನ ಹಾಗೆ ಕಪ್ಪಗೆ, ಮೇಲೆ ದುರ್ಬೀನು, ಮದ್ದು ಗುಳಿಗೆ ರೂಪದಲ್ಲಿ. ಹಳೆಯ ಮಾದರಿಯದ್ದಕ್ಕೆ ಅಕ್ರೋಟ್ ಮರದ ಹಿಡಿ, ಹಿತ್ತಾಳೆಯ ಪಟ್ಟಿ, ಕೇಪಿನ ಮೇಲೆ ಬಡಿಯಲು ಮೇಕೆಯ ಕಿವಿಯಂತೆ ಎದ್ದು ನಿಂತ ಕುದುರೆ. ಗುರಿ ಹಿಡಿಯಲು ನಳಿಗೆಯ ತುದಿಯಲ್ಲೊಂದು ಮೊಳೆ, ಕಣ್ಣಿನ ಹತ್ತಿರ ಒಂದು ಸೀಳು. ಸೀಳಿನೊಳಗೆ ಮೊಳೆ, ಮೊಳೆಯ ಮೇಲೆ ಜಿಂಕೆ. ಮೂರೂ ಒಂದೇ ಗೆರೆಗೆ ಬರಬೇಕು.

ಹೊಸದು ನಮ್ಮ ಸ್ನೇಹಿತ ಗಿರೀಶನ ಬಳಿಯೇ ಇತ್ತು. ಗಿರೀಶ ಮಂಡ್ಯದವನು, ಅಲ್ಫರೆಟಾದಲ್ಲಿ ನಜೀರನ ಆಫೀಸಿನವನೇ. ಯಾವ ಹವ್ಯಾಸ ಹಿಡಿದರೂ ಮೊದಲು ಅದರ ಅತ್ಯಂತ ದುಬಾರಿ ಸಾಮಾನು ಕೊಳ್ಳುವ ಮನುಷ್ಯ. ಒಂದು ಭಾನುವಾರ ಕೋವಿಯನ್ನು ಉದ್ದ ಪೆಟ್ಟಿಗೆಯಲ್ಲಿ ತಂದು ನಮ್ಮ ಊಟದ ಮೇಜಿನ ಮೇಲೆ ಬಿಚ್ಚಿದ.

“ನಜೀರ್ ಭಾಯ್, ಕಣ್ಣು ಮುಚ್ಕೊಂಡು ಇದನ್ನ ತಗೊಂಡ್ಹೋಗಿ. ಸ್ಕೋಪ್ ಝೀರೋ ಮಾಡಿಟ್ಟಿದ್ದೀನಿ. ಇನ್ನೂರು ಯಾರ್ಡಿಂದ ಹೊಡೀಬಹುದು. ನೀವು ನೋಡಿದ್ರೆ ಪಾಳೇಗಾರರ ಕಾಲದ್ದು ಬೇಕು ಅಂತೀರಾ!”

“ಅಬ್ಬಾಜಾನ್ ಹತ್ರ ಇದ್ದಿದ್ದು ಅದೇ ಕಣೋ.”

“ನಿಮ್ಮ ಅಬ್ಬಾಜಾನ್ ಹತ್ರ ಅಂಬಾಸಿಡರ್ ಕಾರೂ ಇತ್ತು. ಜಿಎ ಫೋರ್ ಹಂಡ್ರೆಡ್ ಮೇಲೆ ಅದನ್ನೇ ಓಡಿಸ್ತೀರಾ? ಅಕ್ಕ, ನೀವಾದ್ರೂ ಹೇಳಿ. ಇದು ವಾಸನೇನೂ ಬರಲ್ಲ. ಆ ಹಳೇ ಕರೀಮದ್ದು ಇದೆಯಲ್ಲ, ತೊಳೆಯುವಾಗ ಮನೆಯೆಲ್ಲ ಗಬ್ಬು.”

ನಾನು ತಕ್ಷಣ ಹೊಸದರ ಪಕ್ಷ ಸೇರಿದೆ. ಬೇಟೆಯ ವಿಷಯದಲ್ಲಿ ನನ್ನ ಜ್ಞಾನವೇನೂ ಇಲ್ಲ. ಗಬ್ಬಿನ ವಿಷಯದಲ್ಲಿ ಇದೆ. ಮನೆ ತೊಳೆಯುವವಳು ನಾನು.

ಅಷ್ಟರಲ್ಲಿ ಕುರ್ಚಿಯಿಂದ ಅಮ್ಮಿಯ ದನಿ ಬಂತು. “ಗಿರೀಶಪ್ಪಾ, ಇನ್ನೂರು ಯಾರ್ಡ್ ಆಚೆ ಬಿದ್ದ ಜಿಂಕೇನ ಹಲಾಲ್ ಮಾಡೋರು ಯಾರು? ನಿನ್ನ ದುರ್ಬೀನಾ?”

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಿಸ್ಮಿಲ್ಲಾ ಹೇಳಿ ಗುಂಡು ಹೊಡೆದರೆ ಸಾಕು, ಬೇಟೆಯ ಮಾಂಸ ಹಲಾಲ್ ಎನ್ನುವ ವಿದ್ವಾಂಸರಿದ್ದಾರೆ. ಅಮ್ಮಿ ಅವರ ಕಡೆಯವರಲ್ಲ. ಅವರು ಬೆಳೆದ ಮನೆಯಲ್ಲಿ ಗುಂಡು ಬಿದ್ದ ಜಿಂಕೆಗೆ ಇನ್ನೂ ಉಸಿರಿರುವಾಗಲೇ ಓಡಿಹೋಗಿ ಚಾಕು ಹಾಕಬೇಕು. ಉಸಿರು ಹೋಗಿದ್ದರೆ ಅದು ಮುಟ್ಟುವ ಮಾಂಸವಲ್ಲ.

“ಓಡಿ ಹೋಗ್ತಾರೆ ಅಮ್ಮಿ,” ಎಂದ ಗಿರೀಶ.

“ಇವನಾ? ಇವನು ಮಸೀದಿ ಬಾಗಿಲ ಹತ್ರ ಪಾರ್ಕಿಂಗ್ ಸಿಗೋವರೆಗೂ ಸುತ್ತಾಡೋ ಮನುಷ್ಯ. ಇನ್ನೂರು ಯಾರ್ಡ್ ಓಡ್ತಾನಾ?”

“ಹಾಗಾದ್ರೆ ಹತ್ತಿರದಿಂದಲೇ ಹೊಡೀಲಿ, ಇದರಲ್ಲೇ.”

“ಹತ್ತಿರದಿಂದ ನಿಂದು ಬಿದ್ರೆ ಜಿಂಕೆ ನಿಂತಲ್ಲೇ ಸತ್ತಿರುತ್ತೆ,” ಎಂದ ನಜೀರ್. “ನಿನ್ನ ಗುಂಡು ಒಳಗೆ ಹೋಗಿ ಹೂವಿನ ಥರ ಅರಳುತ್ತೆ ಅಂತ ನೀನೇ ವೀಡಿಯೊ ತೋರಿಸ್ದೆ. ಹಳೇದು ಬರೀ ಸೀಸದ ಗೋಲಿ, ಬಿದ್ಮೇಲೂ ಸ್ವಲ್ಪ ಹೊತ್ತು ಉಸಿರಿರುತ್ತೆ.”

“ಹಳೇದೇ ಸರಿ,” ಎಂದು ಅಮ್ಮಿ ತೀರ್ಪು ಕೊಟ್ಟರು.

ವಾದ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮೆಟ್ಟಿಲ ಮೇಲೆ ಕುಳಿತು ಫೋನು ತಿಕ್ಕುತ್ತಿದ್ದ ನಮ್ಮ ಮಗಳು ಸನಾ, ತಲೆಯೆತ್ತದೆ, ತನ್ನ ಅಮೆರಿಕದ ಕನ್ನಡದಲ್ಲಿ ಒಂದು ಮಾತು ಒಗೆದಳು. “ಬಟ್ ಡ್ಯಾಡ್‌ಗೆ ಮೆನು ಓದೋಕೇ ಬರಲ್ಲ. ಹೀ ಈಸ್ ಗೋಯಿಂಗ್ ಟು ಶೂಟ್ ಎ ಮೇಲ್‌ಬಾಕ್ಸ್.”

ಯಾರೂ ನಗಲಿಲ್ಲ. ಯಾಕೆಂದರೆ ಅದು ನಿಜ. ಐವತ್ತು ದಾಟಿದ ನಜೀರನ ಕಣ್ಣಿನ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವನೊಬ್ಬನನ್ನು ಬಿಟ್ಟು. ಮಸಾಲೆ ಪ್ಯಾಕೆಟ್ಟನ್ನು ಕೈ ನೀಡುವಷ್ಟು ದೂರ ಹಿಡಿದು, “ಈ ಕಂಪನಿಯೋರು ಅಕ್ಷರ ಸಣ್ಣ ಮಾಡ್ಬಿಟ್ಟಿದ್ದಾರೆ,” ಎನ್ನುವ ಗುಂಪಿನವನು. ನಾನು ಕೆಲಸ ಮಾಡುವ ಫಾರ್ಮಸಿಯಿಂದ ಓದುವ ಕನ್ನಡಕ ತಂದುಕೊಟ್ಟರೆ ಅದನ್ನು ಹಾಕಿಕೊಂಡು, “ಈಗ ಟಿವಿ ಕಾಣಲ್ಲ,” ಎಂದು ತೆಗೆದಿಡುತ್ತಿದ್ದ. ಹಳೆಯ ಕೋವಿಯಲ್ಲೂ ಅದೇ ಕಷ್ಟ: ಕನ್ನಡಕ ಹಾಕಿದರೆ ಹತ್ತಿರದ ಸೀಳು ಸ್ಪಷ್ಟ, ಜಿಂಕೆ ಮಂಜು, ತೆಗೆದರೆ ಜಿಂಕೆ ಸ್ಪಷ್ಟ, ಸೀಳು ಮಂಜು. ದುರ್ಬೀನಿದ್ದರೆ ಈ ತಾಪತ್ರಯವಿಲ್ಲ. ಅಂದರೆ ಅವನ ಕಣ್ಣಿಗೆ ಬೇಕಾದದ್ದು ಹೊಸ ಕೋವಿ, ಅವನ ತಾಯಿಯ ತಟ್ಟೆಗೆ ಬೇಕಾದದ್ದು ಹಳೆಯದು.

ನಜೀರ್ ತಾಯಿಯ ತಟ್ಟೆಯ ಕಡೆ ವಾಲಿದ. ಹಳೆ ಮಾದರಿಯದೊಂದನ್ನು ಕೊಂಡುತಂದ. ಆಗ ನನ್ನ ದಿಂಬಿನ ಸರದಿ ಬಂತು. ಸೀಸದ ಗೋಲಿಯನ್ನು ಬರಿದೇ ಹಾಕುವಂತಿಲ್ಲ. ಎಣ್ಣೆ ಸವರಿದ ದುಂಡು ಬಟ್ಟೆತುಂಡಿನಲ್ಲಿ ಸುತ್ತಿ ಜಡಿಯಬೇಕು. ಬಿಗಿ ನೇಯ್ಗೆಯ ದಿಂಬಿನ ಬಟ್ಟೆಯೇ ಅದಕ್ಕೆ ಶ್ರೇಷ್ಠವಂತೆ. ನಾನು ಕೆಲಸಕ್ಕೆ ಹೋದಾಗ ನನ್ನ ಹೊಲಿಗೆ ಡಬ್ಬಿಯ ಒಳ್ಳೆಯ ಕತ್ತರಿಯಿಂದಲೇ ಕತ್ತರಿಸಿದ್ದ. ಅಂಗಡಿಯಲ್ಲಿ ಕೊಬ್ಬು ಸವರಿದ ಸಿದ್ಧ ತುಂಡುಗಳೂ ಸಿಗುತ್ತವೆ. ಆದರೆ ಅದು ಯಾವ ಪ್ರಾಣಿಯ ಕೊಬ್ಬೆಂದು ಡಬ್ಬಿಯ ಮೇಲೆ ಬರೆದಿರಲಿಲ್ಲ. ತೋಟಾಕ್ಕೆ ಸವರಿದ ಕೊಬ್ಬಿನ ಸಲುವಾಗಿಯೇ ಹಿಂದೆ ನಮ್ಮ ದೇಶದಲ್ಲಿ ದಂಗೆ ಎದ್ದದ್ದನ್ನು ಶಾಲೆಯಲ್ಲಿ ಓದಿದ್ದೆವು. ಸುವಾನಿಯಲ್ಲಿ ಇನ್ನೊಂದು ದಂಗೆ ಬೇಡವೆಂದು ನಜೀರ್ ಮೊದಲು ತುಪ್ಪ ಸವರಿದ. ಮರುದಿನ ಗರಾಜಿನ ಗೋಡೆಯುದ್ದಕ್ಕೂ ಇರುವೆ ಸಾಲು, ನೇರ ಕೋವಿಯ ಪೆಟ್ಟಿಗೆಗೆ. ಕೊನೆಗೆ ಫ್ರೀಜರಿನಲ್ಲಿ ಉಳಿದಿದ್ದ ಬಕ್ರೀದಿನ ಕುರಿಯ ಕೊಬ್ಬನ್ನು ಕರಗಿಸಿ ಕೊಟ್ಟೆ. ನನ್ನ ದಿಂಬು, ನಮ್ಮ ಕುರ್ಬಾನಿ. ಕೋವಿಯಲ್ಲಿ ನನ್ನ ಪಾಲೇ ಹೆಚ್ಚಿತ್ತು.

ನನ್ನದು ಒಂದೇ ಷರತ್ತು: ತೊಳೆಯುವುದು ಗರಾಜಿನಲ್ಲಿ. ಅಭ್ಯಾಸಕ್ಕೆ ಹೋಗಿ ಬಂದಾಗಲೆಲ್ಲ ಬಕೆಟ್ಟಿನಲ್ಲಿ ಬಿಸಿನೀರು ಹೊತ್ತು ಅಲ್ಲಿಗೇ ಹೋಗುತ್ತಿದ್ದ. ನಾನು ನಡುಬಾಗಿಲಿಗೆ ಹಳೆ ಟವೆಲ್ ಅಡ್ಡ ಇಡುತ್ತಿದ್ದೆ.

ಬೇಟೆಯ ದಿನ ಗಿರೀಶ ಜೊತೆಗೆ ಹೋಗಬೇಕಿತ್ತು. ಆಫೀಸಿನಲ್ಲಿ ಅವನಿಗೇನೋ ಸಾಫ್ಟ್‌ವೇರ್ ರಿಲೀಸು ಬಿತ್ತು. ತನ್ನ ಕೋವಿಯನ್ನು, “ಬ್ಯಾಕಪ್ ಇರಲಿ,” ಎಂದು ನಮ್ಮ ಕಾರಿನಲ್ಲಿ ಮಲಗಿಸಿ ಹೋದ. ಹೀಗೆ ನಾನು ಹೊರಟೆ. ದುಪಟ್ಟಾದ ಮೇಲೆ ಕಿತ್ತಳೆ ಕೋಟು ಹಾಕಿಕೊಂಡು ಕನ್ನಡಿ ನೋಡಿದರೆ ರಸ್ತೆ ರಿಪೇರಿಯ ಮೇಸ್ತ್ರಿಯ ಹಾಗಿದ್ದೆ. ನನ್ನ ಕೈಯಲ್ಲಿ ಚಹಾದ ಫ್ಲಾಸ್ಕು, ಟವೆಲಿನಲ್ಲಿ ಸುತ್ತಿದ ಚಾಕು, ಮೆಕ್ಕಾದ ಕಡೆಯ ಕಿಬ್ಲಾ ದಿಕ್ಕು ತೋರಿಸುವ ಫೋನು. ಗುಂಡು ಅವನದು, ಓಟ ಅವನದು, ಉಳಿದ ಇಲಾಖೆಯೆಲ್ಲ ನನ್ನದು.

ನಮ್ಮ ಜಾರ್ಜಿಯಾದ ಅಥೆನ್ಸ್ ದಾಟಿ, ಅವನ ಸಹೋದ್ಯೋಗಿಯೊಬ್ಬರ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಓಕ್ ಮರದ ಕೆಳಗೆ ಕುಳಿತೆವು. ಮಧ್ಯಾಹ್ನವೆಲ್ಲ ಕುಳಿತೆವು. ಗಂಡ ಹೆಂಡತಿ ಹೀಗೆ ಮಾತಿಲ್ಲದೆ, ಫೋನಿಲ್ಲದೆ, ಜಗಳವೂ ಇಲ್ಲದೆ ಒಂದೇ ಕಡೆ ಕುಳಿತು ಎಷ್ಟು ವರ್ಷವಾಗಿತ್ತೋ! ಅಳಿಲು ಬಂದು ಹೋಯಿತು. ನನ್ನ ಕಾಲು ಜೋಮು ಹಿಡಿಯಿತು. ಮೋಡ ಕವಿದು ಹನಿ ಬೀಳುವ ಹೊತ್ತಿಗೆ ಹೆಣ್ಣು ಜಿಂಕೆಯೊಂದು ಸದ್ದಿಲ್ಲದೆ ಮರಗಳ ನಡುವಿನಿಂದ ಈಚೆ ಬಂದು ನಿಂತಿತು. ನಮ್ಮ ಮನೆಯ ಬಾಗಿಲಿನಿಂದ ಎದುರು ಮನೆಯ ಬಾಗಿಲಿಗೆ ಎಷ್ಟೋ ಅಷ್ಟೇ ದೂರ. ಅದು ಕಿವಿ ಅಲ್ಲಾಡಿಸಿದ್ದೂ ಕಂಡಿತು. ನಾನು ಚಾಕಿನ ಟವೆಲು ಬಿಚ್ಚಿದೆ.

ನಜೀರ್ ಕೋವಿ ಎತ್ತಿದ. ಕನ್ನಡಕ ಮೂಗಿನ ತುದಿಗೆ ಇಳಿಸಿದ, ಏರಿಸಿದ, ತೆಗೆದು ಜೇಬಿಗಿಟ್ಟ. ಕುದುರೆ ಎಳೆದ. ತುಟಿ ಬಿಸ್ಮಿಲ್ಲಾ ಎಂದಿತು. ನಾನು ಉಸಿರು ಹಿಡಿದೆ. ಹಿಡಿದ ಉಸಿರು ಮುಗಿಯಿತು, ಇನ್ನೊಂದನ್ನು ತೆಗೆದುಕೊಂಡೆ. ಅವನು ಮೆಲ್ಲಗೆ ಕುದುರೆಯನ್ನು ಮತ್ತೆ ಇಳಿಸಿ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡ.

“ಕಾಣ್ತಿಲ್ಲ ಶಾಹೀನ್,” ಎಂದ ಪಿಸುದನಿಯಲ್ಲಿ. “ಸೀಳು ಎರಡೆರಡು ಕಾಣುತ್ತೆ. ಹೊಟ್ಟೆಗೆ ಬಿದ್ರೆ ಪಾಪ, ಎಲ್ಲಿಗೋ ಓಡಿಹೋಗಿ ರಾತ್ರಿಯೆಲ್ಲ ನರಳುತ್ತೆ.”

“ಕಾರಲ್ಲಿ ಗಿರೀಶಂದು ಇದೆಯಲ್ಲ, ತರ್ಲಾ?”

ಅವನು ಜಿಂಕೆಯಿಂದ ಕಣ್ಣು ತೆಗೆಯಲಿಲ್ಲ. “ಅದರಲ್ಲಿ ಹೊಡೀಬಹುದು. ಆಮೇಲೆ ಅಮ್ಮಿ ಕೇಳ್ತಾಳೆ, ಉಸಿರಿತ್ತಾ ಅಂತ. ತಿನ್ನಲಿ ಅಂತ ಸುಳ್ಳು ಹೇಳ್ಲಾ?”

ನಾನು ಚಾಕನ್ನು ಮತ್ತೆ ಟವೆಲಿನಲ್ಲಿ ಸುತ್ತಿದೆ. ಆ ಸದ್ದಿಗೋ ಏನೋ, ಜಿಂಕೆ ನಮ್ಮ ಕಡೆ ಒಮ್ಮೆ ನೋಡಿ, ಅವಸರವಿಲ್ಲದೆ, ಬಾಲದ ಬಿಳಿ ತೋರಿಸಿ ಹೊರಟುಹೋಯಿತು.

ತುಂಬಿದ ಕೋವಿಯನ್ನು ಹಾಗೇ ಮನೆಗೆ ತರುವಂತಿಲ್ಲ. ಖಾಲಿ ಮಾಡಲು ಹೊಡೆದುಬಿಡುವುದೇ ಸುಲಭ. ನಜೀರ್ ಮಣ್ಣಿನ ದಿಬ್ಬವೊಂದಕ್ಕೆ ಹೊಡೆದ. ಬಿಳಿ ಹೊಗೆ ಮಳೆಯಲ್ಲಿ ಬಹಳ ಹೊತ್ತು ನಿಂತಿತ್ತು. ದಾರಿಯುದ್ದಕ್ಕೂ ವೈಪರಿನ ಸದ್ದು. ಸುವಾನಿಯ ಎಕ್ಸಿಟ್ ಬರುವ ಮೊದಲು ಒಂದೇ ಮಾತಾಡಿದ: “ಸೋಮವಾರ ಕಣ್ಣಿನ ಡಾಕ್ಟರ್‌ಗೆ ಅಪಾಯಿಂಟ್‌ಮೆಂಟ್ ತಗೋ.” ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾನು ಗೆದ್ದ ವಾದಗಳು ಕಡಿಮೆ. ಗೆದ್ದ ಇದೊಂದರಲ್ಲಿ ಸುಖವಿರಲಿಲ್ಲ.

ಮನೆ ತಲುಪಿದಾಗ ಜೋರು ಮಳೆ, ಗರಾಜಿನಲ್ಲಿ ಕೊರೆಯುವ ಚಳಿ. ಕರೀಮದ್ದಿನ ಕೋವಿಯನ್ನು ಅವತ್ತೇ ತೊಳೆಯದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು. ನಜೀರ್ ಬಕೆಟ್ ಎತ್ತಿಕೊಂಡ. ಅವನ ಒದ್ದೆ ಬೆನ್ನು ನೋಡಿ ನನ್ನ ಷರತ್ತು ನನಗೇ ಭಾರವಾಯಿತು. “ಹೋಗ್ಲಿ ಬಿಡಿ, ಇಲ್ಲೇ ತೊಳೀರಿ,” ಎಂದೆ.

ಅಡುಗೆಮನೆಯ ನೆಲದ ಮೇಲೆ ಬಕೆಟ್ ಇಟ್ಟು, ನಳಿಗೆ ಬಿಚ್ಚಿ ಅದರಲ್ಲಿ ನಿಲ್ಲಿಸಿ, ಕುದಿನೀರಿಗೆ ಪಾತ್ರೆಯ ಸೋಪು ಹಾಕಿ, ಬಟ್ಟೆ ಸುತ್ತಿದ ಗಜವನ್ನು ಪಂಪಿನಂತೆ ಎಳೆದು ಒತ್ತತೊಡಗಿದ. ನೀರು ಮಸಿಯಂತೆ ಕಪ್ಪಾಯಿತು. ಹಾಗೇ ಎದ್ದಿತು ನೋಡಿ, ಆ ನಾತ. ಗಿರೀಶ ಹೇಳಿದ್ದು ಕಡಿಮೆಯೇ. ಸನಾ ಮೂಗು ಮುಚ್ಚಿಕೊಂಡು ಮೇಲಕ್ಕೆ ಓಡಿದಳು.

“ಥೂ ಥೂ! ಯಾರೋ ಅದು ಕೊಳೆತ ಮೊಟ್ಟೆ ಒಡೆದಿರೋದು?” ಕೋಣೆಯಿಂದ ಅಮ್ಮಿಯ ಕೂಗು. “ಶಾಹೀನ್, ಕಿಟಕಿ ತೆಗಿ ಮಾ! ತಲೆ ತಿರುಗ್ತಿದೆ!”

“ತೆಗೆದೆ ಅಮ್ಮಿ,” ಎಂದು ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ತಿರುಗಿ ನೋಡಿದರೆ ನಜೀರ್ ಗಜವನ್ನು ಅರ್ಧಕ್ಕೆ ಹಿಡಿದು ಕುಳಿತಿದ್ದ.

“ಅಮ್ಮಿ,” ಎಂದ. “ಏನಂದೆ?”

“ನಾತ ಅಂದೆ! ನಿನಗೆ ಕಣ್ಣಷ್ಟೇ ಹೋಗಿದೆ ಅಂದ್ಕೊಂಡಿದ್ದೆ, ಕಿವೀನೂ ಹೋಯ್ತಾ?”

ಬೈಯುತ್ತಲೇ ಕೋಲೂರಿಕೊಂಡು ಬಾಗಿಲಿಗೆ ಬಂದರು. ಬಕೆಟ್ಟು, ನಳಿಗೆ, ಕಪ್ಪು ನೀರು, ನೆಲದ ಮೇಲೆ ಕುಳಿತ ಮಗ ಎಲ್ಲವನ್ನೂ ನೋಡಿದರು. ಬೈಗುಳ ನಿಂತಿತು. ಮೂಗಿನ ಹೊಳ್ಳೆಗಳು ಒಮ್ಮೆ ಅಗಲವಾದವು, ಇನ್ನೊಮ್ಮೆ ಆದವು. ಅವರಿಗೂ ಆಗಲೇ ಗೊತ್ತಾದದ್ದು.

“ನಿಮ್ಮಪ್ಪ ಬಾವಿಕಟ್ಟೆ ಮೇಲೆ ತೊಳೀತಿದ್ರು,” ಎಂದರು. “ನಾನು ಬೈತಿದ್ದೆ, ದೂರ ಹೋಗಿ ಅಂತ.”

ಸ್ಟೂಲು ಎಳೆದುಕೊಟ್ಟೆ. ನೆಗಡಿಯಾದವರು ಹಬೆ ತೆಗೆದುಕೊಳ್ಳುವ ಹಾಗೆ ಬಕೆಟ್ಟಿನ ಮೇಲೆ ಬಾಗಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, “ಇನ್ನೊಂದು ಚೊಂಬು ಬಿಸಿನೀರು ಹಾಕು ಬೇಟಾ,” ಎಂದರು. ಕೋವಿ ಆಗಲೇ ಸ್ವಚ್ಛವಾಗಿತ್ತು. ನಜೀರ್ ಹಾಕಿದ.

ಮರುದಿನ ಲವಂಗದ ಸೀಸೆ ಕೊಟ್ಟರೆ ಎಂದಿನಂತೆ, “ಏನಿಲ್ಲ,” ಎಂದರು. ನಿಂಬೆ ಬರಲು ಮತ್ತೊಂದು ಬೇಸಿಗೆ ಕಾಯಬೇಕಾಯಿತು. ಗುಲಾಬಿ ಇನ್ನೂ ಬಂದಿಲ್ಲ. ಯಾವ ಕೋವಿ ಮೇಲು ಎಂದು ಗಿರೀಶ ಈಗಲೂ ವಾದಕ್ಕೆ ಕರೆಯುತ್ತಾನೆ. ನಾನು ಪಕ್ಷ ಬದಲಾಯಿಸಿದ್ದೇನೆ, ಕಾರಣ ಮಾತ್ರ ಹಳೆಯದೇ: ಗಬ್ಬು. ದಿಂಬಿನ ಚೀಲವನ್ನು ಇವತ್ತು ಮಡಿಸಿ ಮತ್ತೆ ತಳದಲ್ಲೇ ಇಟ್ಟೆ. ತೂತುಗಳ ನಡುವೆ ಇನ್ನೂ ಜಾಗವಿದೆ.

ಕೋವಿ ತೊಳೆದ ಆ ಸಂಜೆ ಮನೆಯಲ್ಲಿ ಜಿಂಕೆಯಿರಲಿಲ್ಲ. ಅನ್ನ ಇತ್ತು, ಬೆಳಗಿನ ಖಟ್ಟೆ ದಾಲ್ ಇತ್ತು. ಅಮ್ಮಿ, “ಮೊಟ್ಟೆ ಇದೆಯಾ?” ಎಂದು ಕೇಳಿದರು. ಈರುಳ್ಳಿ, ಹಸಿಮೆಣಸು ಹಾಕಿ ಆಮ್ಲೆಟ್ ಮಾಡಿದೆ. ತಟ್ಟೆ ದೂಡಲಿಲ್ಲ. ಅರ್ಧ ತಿಂದು, “ಉಪ್ಪು ಜಾಸ್ತಿ,” ಎಂದರು. ನಾನು ಎಂದಿನಷ್ಟೇ ಹಾಕಿದ್ದೆ. “ಹೌದು ಅಮ್ಮಿ, ಜಾಸ್ತಿಯಾಗಿದೆ,” ಎಂದೆ. ಉಳಿದರ್ಧವನ್ನೂ ತಿಂದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರೇ, ಅಡುಗೆಮನೆಯ ಬಾಗಿಲ ಬಳಿ ಎಳೆಸಿಕೊಂಡ ಕುರ್ಚಿಯಲ್ಲೇ. ಕಿಟಕಿಯನ್ನು ನಾವು ತೆಗೆಯಲಿಲ್ಲ.